ಒಂಟಿ ಸೀನು

ಮೊದಲನೇ ದಿನ ನನ್ನನ್ನು ಎದುರುಗೊಂಡದ್ದು ಸೀನು.
ಕಪಾಟಿನ ಬಾಗಿಲು ತೆಗೆದರೆ
ಎಷ್ಟೋ ಸುಗ್ಗಿಯ ಮೆಣಸಿನಕಾಯಿ ಘಾಟು
ಕಾಗದದ ಸಂದಿಯಿಂದ ಎದ್ದು ಬಂದು
ಮೂಗಿಗೆ ತನ್ನ ಪರಿಚಯ ಹೇಳಿಕೊಂಡಿತು.

ಬ್ಯಾಡಗಿ, ಮೋಟೆಬೆನ್ನೂರ ರಸ್ತೆ, ಲಾರಿ ಕಾಟಾ.
ಹತ್ತು ಫೂಟಿನ ಆಫೀಸು, ಒಂದು ಕಿಟಕಿ,
ಆಚೆ ತೂಗಿಸಿಕೊಳ್ಳಲು ನಿಂತ ಗಾಡಿಗಳ ಸಾಲು.
ಮಾಲೀಕ ಅಬ್ದುಲ್‌ಗನಿ ಸಾಹೇಬರು ಹೇಳಿದ್ದು ಇಷ್ಟೇ:
"ಲೆಕ್ಕಾ ಎಲ್ಲಾ ಐತವಾ. ಸಿಗೂದಿಲ್ಲ ಅಷ್ಟ."

ಇತ್ತು, ನಿಜ. ಗೋಡೆಯ ಮೊಳೆಗೆ ಇಳಿಬಿದ್ದ ತಂತಿಗಳಲ್ಲಿ
ಬಾಳೆಗೊನೆಯ ಹಾಗೆ ಜೋತು
ಚುಚ್ಚಿಸಿಕೊಂಡ ತೂಕದ ಚೀಟಿಗಳು.
ಹಳೆಯದು ಒಂದು ತುದಿ, ಹೊಸದು ಇನ್ನೊಂದು ತುದಿ,
ಬೇಕಾದ್ದು ಯಾವಾಗಲೂ ನಡುವೆ.

ಉಳಿದದ್ದು ಗದಿಗೆಪ್ಪ ಕಾರಕೂನರ ತಲೆಯಲ್ಲಿ.
ಮೂವತ್ತೆರಡು ವರ್ಷ ಬರೆದು ಬಿಟ್ಟವರು,
ಬಿಟ್ಟ ಮೇಲೂ ದಿನಾ ಹತ್ತಕ್ಕೆ ಬಂದು
ಬಾಗಿಲ ಬಳಿ ಬಾಂಕಿನ ಮೇಲೆ ಕೂತು
ಎಲಿ ಅಡಿಕಿ ಸಂಚಿ ಬಿಚ್ಚುತ್ತ ನನ್ನ ಕೈ ನೋಡುವವರು.

ಹುಬ್ಬಳ್ಳಿಯಿಂದ ಹನ್ನೆರಡು ರಟ್ಟಿನ ಫೈಲು ತರಿಸಿದೆ.
ಬೆನ್ನಿಗೆ ಬಿಳಿ ಚೀಟಿ: ಆವಕ, ಜಾವಕ,
ಕಾಟಾ ದುರಸ್ತಿ, ಕರೆಂಟ್ ಬಿಲ್ಲು,
ಕೊನೆಗೆ 'ಇತರೆ'.
ಮೂರೇ ದಿನಕ್ಕೆ ಇತರೆ ಬಸುರಿಯಾಯಿತು.
ಯಾವನೋ ಕ್ಲೀನರನ ಲಗ್ನಪತ್ರಿಕೆ,
ಗುಂಟೂರಿನಿಂದ ತೆಲುಗಿನಲ್ಲಿ ಬಂದ ಬೈಗುಳ
(ಬೈಗುಳವೆಂಬುದು ಗದಿಗೆಪ್ಪನವರ ಅಂದಾಜು),
ಕಾಟಾ ರೊಕ್ಕಕ್ಕೆ ಒತ್ತೆಯಿಟ್ಟ ಒಂದು ಕೈಗಡಿಯಾರ,
ನಾಲ್ಕು ಹತ್ತಕ್ಕೆ ನಿಂತದ್ದು.
"ಕಾಕೋಳದ ಹುಡುಗಂದು. ಬರತಾನ" ಅಂದರು.
ಇಪ್ಪತ್ತು ವರ್ಷವಾಯಿತಂತೆ.
'ಇತರೆ, ಏಳು' ಎಂದು ಬರೆದೆ.
ಮುಂದೆ 'ಬರತಾನ' ಎಂದೂ ಬರೆದೆ.

ಚೀಟಿ ಬಿಡಿಸಿ ದಪ್ಪ ಬುಕ್ಕಿಗೆ ಏರಿಸುವುದು
ಎರಡು ತಿಂಗಳ ಕೆಲಸ.
ದಿನಾಂಕ, ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ.
ತಂತಿಯ ತೂತು ಒಮ್ಮೊಮ್ಮೆ
ಸರಿಯಾಗಿ ಒಂದು ಅಂಕಿಯನ್ನೇ ತಿಂದಿರುತ್ತಿತ್ತು.
ಬೆಳಕಿಗೆ ಹಿಡಿದರೆ ಅಂಕಿಯ ಜಾಗದಲ್ಲಿ ಕಿಟಕಿ,
ಕಿಟಕಿಯಲ್ಲೊಂದು ಲಾರಿ.

"ಅಜ್ಜಾರ, ಒಂಬತ್ತ ಸಾವಿರದಾ ಎಷ್ಟನೂರಾ ಅರವತ್ತ?"
ಸುಣ್ಣ ತೀಡುವ ಬೆರಳು ನಿಲ್ಲುತ್ತಿರಲಿಲ್ಲ:
"ನಾಕನೂರಾ. ಅವತ್ತ ಮೋಡ ಆಗಿತ್ತು,
ಡ್ರೈವರಗ ಕಣ್ಣ ಬಂದಿದ್ದುವು."
ಕಣ್ಣು ಬಂದ ಡ್ರೈವರನಿಗೆ ನನ್ನ ಬುಕ್ಕಿನಲ್ಲಿ ಕಾಲಮ್ಮಿಲ್ಲ.
ಅಂಕಿಯನ್ನಷ್ಟೇ ಪೆನ್ಸಿಲಿನಲ್ಲಿ ಬರೆದೆ.
ಹೀಗೆ ನೂರಾ ಹದಿನಾಲ್ಕು ತೂತು ಮುಚ್ಚಿಕೊಟ್ಟರು.

ಒಂದು ಗುರುವಾರ, ಪೇಟೆಯ ಗದ್ದಲದ ನಡುವೆ,
ಹಳೇ ತಕರಾರು ಹೊತ್ತು ಒಬ್ಬ ದಲಾಲಿ ಬಂದ.
ಐದು ವರ್ಷದ ಹಿಂದಿನ ಗಾಡಿ. ತೂಕ ಎಷ್ಟು?
ಬಾಂಕಿನಿಂದಲೇ ಉತ್ತರ:
"ಎಂಟ ಸಾವಿರದಾ ಏಳನೂರಾ ಹತ್ತ."
ಆಗಲೇ ಫೈಲು ನನ್ನ ಕೈಯಲ್ಲಿತ್ತು.
ಆ ಚೀಟಿಯ ತೂತು ಬರೀ ಮೂಲೆಯಲ್ಲಿ.
ನಾಲ್ಕೂ ಅಂಕಿ ನಿಚ್ಚಳ. ಏಳಲ್ಲ, ಮೂರು.
ಅವರದೇ ಕೈ, ಮೂರರ ಹೊಟ್ಟೆಗೆ
ಗಂಟು ಹಾಕುವ ಅವರದೇ ರೂಢಿ.

ನಕಲು ಮಾಡಿ, ಮಡಚಿ, ದಲಾಲಿಗೆ ಕೊಟ್ಟೆ.
"ಹೊಂದಿತಿಲ್ಲೋ?" ಅಂದರು ಅಜ್ಜ.
"ಹೊಂದಿತ್ರಿ" ಅಂದೆ.
ಅವರು ಸಂಚಿಯ ದಾರ ಎಳೆದು ಕಟ್ಟಿದರು,
ದಿನಕ್ಕಿಂತ ಕೊಂಚ ನಿಧಾನ, ಅನಿಸಿತು. ಇರಲಿಕ್ಕಿಲ್ಲ.

ಸಂಜೆ ದಪ್ಪ ಬುಕ್ಕು ತೆರೆದೆ.
ಪುಟ ಪುಟಕ್ಕೂ ಬೂದು ಬಣ್ಣದ ಅಂಕಿಗಳು,
ಮಸೂತಿ ಕಟ್ಟೆಯ ಪಾರಿವಾಳದಂತೆ
ಏನೂ ಹೇಳದೆ ಕೂತಿದ್ದವು.
ಎಷ್ಟು ತೂಕ, ಎಷ್ಟು ಮೋಡ, ಎಷ್ಟು ಕಣ್ಣುಬೇನೆ?
ಒಂದು ಕೈಯಲ್ಲಿ ರಬ್ಬರು, ಒಂದರಲ್ಲಿ ಪೆನ್ನು.
ರಬ್ಬರನ್ನು ಡ್ರಾಕ್ಕೆ ಹಾಕಿದೆ.
ಮೊದಲ ಪುಟದ ಅಂಚಿಗೆ ಪೆನ್ನಿನಲ್ಲಿ ಬರೆದೆ:
'ಪೆನ್ಸಿಲಿನವು ಗದಿಗೆಪ್ಪನವರು ಹೇಳಿದವು.'
ಕೆಳಗೆ ತಾರೀಖು.
'ಹೊಂದಿತ್ರಿ' ಎಂಬುದನ್ನು ಎಲ್ಲಿ ಏರಿಸಬೇಕೋ ತಿಳಿಯಲಿಲ್ಲ.

ಬುಕ್ಕು ಮುಚ್ಚುವಾಗ ಸೀನು ಬಂತು.
ಒಂದೇ ಒಂದು.
ಕೀಲಿ ಹಿಡಿದು ಹೊಸ್ತಿಲ ಒಳಗೇ ನಿಂತೆ,
ಇನ್ನೊಂದು ಬರಲೆಂದು.